ಆಲ್ದೂರಿನಲ್ಲಿ ಒಂದು ಹೂವಿನ ವಾದ

ನಾಡಿನ ದೊಡ್ಡ ನಟರೊಬ್ಬರು ತೀರಿಕೊಂಡ ಮಾರನೆಯ ಬೆಳಿಗ್ಗೆ ವಸ್ತಾರೆಯ ನಮ್ಮ ಮನೆಯಲ್ಲಿ ಅಜ್ಜಿಯೂ ಹೋದರು. ಹೊರನಾಡು ಊರಿನಲ್ಲಿದ್ದ ಅತ್ತೆಗೆ ಅಮ್ಮನ ಮುಖ ತೋರಿಸಬೇಕು. ನಟರ ಸಾವಿಗೆ ಎಲ್ಲೆಡೆ ಬಂದ್; ಬಸ್ಸೂ ಇಲ್ಲ, ಬಾಡಿಗೆ ಜೀಪೂ ಇಲ್ಲ. "ಐದು ಗಂಟೆವರೆಗೆ ಕಾಯ್ತೀವಿ. ಕತ್ತಲಾಗೋದ್ರೊಳಗೆ ಎಲ್ಲ ಮುಗೀಬೇಕು" ಎಂದರು ದೊಡ್ಡಪ್ಪ. ಕಾಲೇಜು ಓದುತ್ತಿದ್ದ ನಾನು ಅಪ್ಪನ ಸ್ಕೂಟರಿನಲ್ಲಿ ಹೋಗಿ ಅತ್ತೆಯನ್ನು ಕೂರಿಸಿಕೊಂಡು ಹೊರಟೆ. ದಾರಿಯುದ್ದಕ್ಕೂ ಅವರು ಅಳಲಿಲ್ಲ.

ಆಲ್ದೂರು ಮುಟ್ಟಿದಾಗ ನಾಲ್ಕೂಕಾಲು. ರಸ್ತೆಗೆ ಅಡ್ಡಲಾಗಿ ಬೆಂಚು, ಅದರ ಮೇಲೆ ನಟರ ಫೋಟೊ, ಪಕ್ಕದಲ್ಲಿ ಬುಟ್ಟಿ ತುಂಬ ಹೂವು. ಐದಾರು ಯುವಕರು ನಿಂತಿದ್ದರು.

"ಯಾರನ್ನೂ ತಡೀತಿಲ್ಲ ಮಾರಾಯ. ಒಂದು ಹೂ ಹಾಕು, ಕೈಮುಗಿ, ಹೋಗು."

"ಹಾಕದಿದ್ರೆ?"

"ಹಾಕದೆ ಏನು? ಹಾಕು."

ಆ ನಟರ ಸಿನಿಮಾಗಳನ್ನು ನಾನೂ ಇಷ್ಟಪಟ್ಟವನೇ. ಒತ್ತಾಯದ ದುಃಖ ಮಾತ್ರ ನನಗೆ ಆಗದು. ಬಲವಂತಕ್ಕೆ ಹಾಕಿದ ಹೂವು ಅವರಿಗೆ ಗೌರವವೋ ಅವಮಾನವೋ ಎಂದು ಕೇಳಿದೆ. ರಸ್ತೆ ಯಾರದ್ದು ಎಂದೂ ಕೇಳಿದೆ.

"ಇವ್ನು ಭಾಷಣದೋನು ಕಣ್ರೋ, ಬಹುಮಾನದ ಕಪ್ ಒಂದು ಕೊಟ್ಟು ಕಳ್ಸಿ" ಎಂದ ಒಬ್ಬ. ಅತ್ತು ಕಣ್ಣು ಊದಿಸಿಕೊಂಡಿದ್ದ ಇನ್ನೊಬ್ಬ, "ನೀ ಹೇಳೋದು ಸರಿ ಇರ್ಬಹುದು. ಆದ್ರೂ ಹಾಕು" ಎಂದ. ಆ 'ಆದ್ರೂ' ಕೇಳಿಯೂ ನಾನು ವಾದ ಮಾತ್ರ ನಿಲ್ಲಿಸಲಿಲ್ಲ.

ಮನೆಯಲ್ಲಿ ಅಜ್ಜಿಯ ಹೆಣವಿದೆ ಎಂಬ ಒಂದೇ ಮಾತಿಗೆ ಅವರು ದಾರಿ ಬಿಡುತ್ತಿದ್ದರು. ಗೊತ್ತಿದ್ದೂ ಹೇಳಲಿಲ್ಲ. ಕನಿಕರ ಬೇಡಿ ಗೆದ್ದರೆ ಅದು ವಾದವೇ ಅಲ್ಲ ಎಂದು ಚರ್ಚಾಸ್ಪರ್ಧೆಗಳಲ್ಲಿ ಕಲಿತಿದ್ದೆನಲ್ಲ!

ತಿರುಗಿ ನೋಡಿದರೆ ಅತ್ತೆ ಸ್ಕೂಟರ್ ಇಳಿದು ಫೋಟೊದ ಮುಂದೆ ನಿಂತಿದ್ದರು. ಹೂವಿಟ್ಟರು. ಕೈ ಮುಗಿಯಲು ಹೋದವರು ಹಾಗೆಯೇ ರಸ್ತೆಯಲ್ಲಿ ಕುಸಿದು "ಅಮ್ಮಾ" ಎಂದು ಅಳತೊಡಗಿದರು. ಯುವಕರು ಕಂಗಾಲಾದರು. ಒಬ್ಬ ನೀರು ತಂದ. ಕಣ್ಣು ಊದಿದವನು ಅವರ ಪಕ್ಕದಲ್ಲೇ ಕೂತು ತಾನೂ ಅತ್ತ. ಬೆಂಚನ್ನು ಯಾರೋ ಬದಿಗೆ ಎಳೆದರು.

"ಅತ್ತೆ, ಏಳಿ, ಹೊತ್ತಾಯ್ತು."

ತೋಳು ಹಿಡಿದೆ, ಬಿಡಿಸಿಕೊಂಡರು. ದಾರಿ ತೆರೆದಿತ್ತು, ಸ್ಕೂಟರಿತ್ತು, ನಾನು ಗಡಿಯಾರ ನೋಡುತ್ತ ನಿಂತಿದ್ದೆ.

ಮನೆ ಮುಟ್ಟಿದಾಗ ಐದೂವರೆ. ಹೆಂಗಸರು ಅಂಗಳ ತೊಳೆಯುತ್ತಿದ್ದರು.

"ಇಷ್ಟು ಹೊತ್ತು ಕಾದ್ರಲ್ಲೇ, ಈಗಷ್ಟೇ ಎತ್ಕೊಂಡು ಹೋದ್ರು" ಎಂದರು ದೊಡ್ಡಮ್ಮ.

"ನಂದೇ ತಪ್ಪು. ದಾರೀಲಿ ಅಳ್ತಾ ಕೂತ್ಬಿಟ್ಟೆ."

ಅದಕ್ಕೂ ಮೊದಲು ಅರ್ಧ ಗಂಟೆ ನಾನು ಮಾತಾಡುತ್ತ ನಿಂತಿದ್ದೆ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ ಒದ್ದೆ ಅಂಗಳದಲ್ಲಿ ಕೂತು, ಅಮ್ಮನನ್ನು ಮಲಗಿಸಿದ್ದ ಜಾಗ ಯಾವುದೆಂದು ಕೇಳುತ್ತಿದ್ದರು.