ಚಂದ್ರವ್ವ ಬಿಟ್ಟುಕೊಡದ ಮಗ್ಗದ ಕುಣಿ

ಚಂದ್ರವ್ವನವರನ್ನು ನಾನು ಮೊದಲು ಕಂಡಿದ್ದು ಗದಗ ಬಸ್ ನಿಲ್ದಾಣದ ಹತ್ತಿರದ ಒಂದು ಹೋಟೆಲಿನ ಹಿಂಬಾಗಿಲಲ್ಲಿ. ಬೆಳಿಗ್ಗೆ ಹತ್ತರ ಸುಮಾರು. ಹಸಿರು ಸೀರೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಬಣ್ಣದ ಹಳೆಯ ಡಬ್ಬಿಯಲ್ಲಿದ್ದ ಕಾಫಿ ಚರಟವನ್ನು ಗಟಾರಕ್ಕೆ ಚೆಲ್ಲಲು ಹೊರಟಿದ್ದರು. ಬಲಗೈ ತೋರುಬೆರಳಿನ ಮೇಲೆ ನೂಲು ಕೊಯ್ದು ಕೊಯ್ದು ಗಟ್ಟಿಯಾದ ಒಂದು ಗೆರೆ ಇತ್ತು. ನಾನು ಆಗಷ್ಟೇ ಬಯೋಟೆಕ್ನಾಲಜಿ ಪದವಿ ಮುಗಿಸಿ, ಅಂತೂರ ಬೆಂತೂರ ಎಂಬ ಹಳ್ಳಿಯಿಂದ ಬಂದು ಕಾಲೇಜೊಂದರ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿ ಸೇರಿದ್ದೆ.

"ಅಕ್ಕಾರ, ಅದನ್ನ ಚೆಲ್ಲಬ್ಯಾಡ್ರಿ. ನನಗ ಬೇಕು."

"ಇದು ಉಪ್ಪಿಟ್ಟಲ್ಲವ್ವ, ಕಸ. ಚಹಾ ಕುಡಿಯೋ ಊರಾಗ ಕಾಫಿ ಕಸ ಕೇಳಾಕ ಬಂದಾಕಿ ನೀನೊಬ್ಬಾಕಿನ ನೋಡು."

ಚೀಲದಿಂದ ಅಂಗೈಯಗಲದ ಬಿಳಿ ಹಲಗೆಯೊಂದನ್ನು ತೆಗೆದು ಅವರ ಕೈಗೆ ಕೊಟ್ಟೆ. ಚರಟಕ್ಕೆ ನೂಲಿನ ಚೂರು ಸೇರಿಸಿ ಬೇಯಿಸಿ, ಆರಿದ ಮೇಲೆ ಅಣಬೆ ಬೀಜ ಬೆರೆಸಿ ಅಚ್ಚಿನಲ್ಲಿ ತುಂಬಿಟ್ಟರೆ, ಹನ್ನೆರಡು ದಿನಗಳಲ್ಲಿ ಅಣಬೆಯ ಎಳೆಗಳು ಎಲ್ಲವನ್ನೂ ಹೆಣೆದು ಗಟ್ಟಿ ಮಾಡುತ್ತವೆ. ಒಣಗಿಸಿದರೆ ಥರ್ಮಾಕೋಲಿನ ಬದಲು ಬಳಸಬಹುದು ಎಂದು ಹೇಳಿದೆ. ಅವರು ಅದನ್ನು ಬಗ್ಗಿಸಿದರು, ಮೂಸಿದರು, ಮೂಲೆ ಮುರಿದು ಬೆಳಕಿಗೆ ಹಿಡಿದರು.

"ಮಗ್ಗ ಇಲ್ಲದ ನೇಯ್ದಾವಲ್ಲ ಇವು. ನನಗೂ ಕಲಿಸು."

ಬೆಟಗೇರಿಯಲ್ಲಿ ಅವರು ಮೂವತ್ತು ವರ್ಷ ಸೀರೆ ನೇಯ್ದವರು. ಗಂಡ ತೀರಿಕೊಂಡ ಮೇಲೂ ಮಗ್ಗ ನಡೆಸಿದ್ದರು. ಗಿರಾಕಿ ನಿಂತಾಗ ಹೋಟೆಲಿನ ಪಾತ್ರೆ ತೊಳೆಯಲು ಸೇರಿದರು. ಮನೆಯ ಮುಂದಿನ ಕೋಣೆಯಲ್ಲಿ ಮಗ್ಗದ ಕುಣಿ ಹಾಗೇ ಇತ್ತು. ನೇಯುವವರು ನೆಲದ ಮೇಲೆ ಕೂತು ಕಾಲು ಇಳಿಬಿಡುವ ತಗ್ಗು ಅದು. ನಮ್ಮ ಪ್ರಯೋಗಾಲಯದಲ್ಲಿ ಅಣಬೆ ಬೆಳೆಯಲೆಂದು ಯಂತ್ರ ಹಚ್ಚಿ ತರುವ ತಂಪು ಅಲ್ಲಿ ಬೇಸಿಗೆಯಲ್ಲೂ ಸುಮ್ಮನೆ ಸಿಗುತ್ತಿತ್ತು. ಅಚ್ಚುಗಳನ್ನು ಆ ಕುಣಿಯಲ್ಲೇ ಇಡುವುದೆಂದು ಚಂದ್ರವ್ವ ಹೇಳಿದರು. ಆದರೆ ಮನೆ ಅವರ ಭಾವ ಕುಬೇರಪ್ಪನವರ ಹೆಸರಿನಲ್ಲಿತ್ತು.

"ಕುಣಿ ಮುಚ್ಚಿ ಶಟರ್ ಹಾಕಿದ್ರ ಮೊಬೈಲ್ ಅಂಗಡಿಯವ್ರು ಬಾಡಿಗಿಗೆ ಬರ್ತಾರ. ನೀ ನೋಡಿದ್ರ ಬೂಸರ ಬೆಳಸ್ತೀನಿ ಅಂತಿ" ಎಂದರು ಕುಬೇರಪ್ಪ.

"ಬೂಸರಲ್ಲ ಭಾವಾರ, ಪೆಟ್ಟಿಗಿ. ನಾಗರ ಪಂಚಮಿತನಕ ಬಿಡ್ರಿ. ಆಗಲಿಲ್ಲಂದ್ರ ಕುಣಿ ತುಂಬಾಕ ಗರಸು ಮಣ್ಣು ನಾನ ಹೊರತೀನಿ."

ಕಪ್ಪತಗುಡ್ಡದ ಜೇನನ್ನು ಗಾಜಿನ ಬಾಟಲಿಯಲ್ಲಿ ತುಂಬಿ ಮಾರುವ ಡೋಣಿ ಊರಿನ ನೀಲಪ್ಪನವರು, ಬಸ್ಸಿನ ಕುಲುಕಾಟಕ್ಕೆ ಬಾಟಲಿ ಒಡೆಯದಂತೆ ಕಾಯುವ ಪೆಟ್ಟಿಗೆ ಆದರೆ ತಾವೇ ಕೊಳ್ಳುವುದಾಗಿ ಹೇಳಿದ್ದರು.

ಮೊದಲ ಮೂರು ಸಲವೂ ಅಚ್ಚುಗಳಿಗೆ ಹಸಿರು ಬೂಸರು ಹತ್ತಿತು. ಕುಬೇರಪ್ಪ ಬಗ್ಗಿ ನೋಡಿ, "ನಿನ್ನ ಪೆಟ್ಟಿಗಿಗೆ ಹಸಿರು ಅಂಚು ಬ್ಯಾರೆ ಬಂದೈತಲ್ಲ ಚಂದ್ರವ್ವ, ಸೆರಗು ಯಾವಾಗ?" ಎಂದರು. ಚರಟ ಸರಿಯಾಗಿ ಬೆಂದಿಲ್ಲ ಎಂದು ನಾನು ಹೇಳಿದೆ.

"ಎರಡು ತಾಸು ಬೇಯ್ಸೀನಿ. ನಿನ್ನ ಪುಸ್ತಕ ಇನ್ನೊಮ್ಮಿ ನೋಡು."

ನನ್ನ ಪುಸ್ತಕದಲ್ಲಿ ಉತ್ತರ ಇರಲಿಲ್ಲ. ನಾಲ್ಕನೆಯ ಸಲ, ಮಗ್ಗಕ್ಕೆ ಉದ್ದಕ್ಕೆ ಕಟ್ಟುವ ಹಾಸಿನ ನೂಲಿನ ಚೂರು ಮುಗಿದು, ಒಂದು ಅಚ್ಚಿಗೆ ಮಾತ್ರ ಅವರು ಅಡ್ಡಕ್ಕೆ ನೇಯುವ ಹೊಕ್ಕಿನ ನೂಲು ಹಾಕಿದ್ದರು. ಅದೊಂದೇ ಬೆಳ್ಳಗೆ ಉಳಿಯಿತು. ನನ್ನನ್ನು ಕರೆಸಿ ತೋರಿಸಿದರು.

"ಹಾಸಿನ ನೂಲಿಗೆ ಗಂಜಿ ಕುಡಿಸಿರ್ತೀವಿ, ಹೊಕ್ಕಿಗೆ ಇಲ್ಲ. ಗಟ್ಟಿ ಬರಲಿ ಅಂತ ಹಾಸಿಂದ ಹಾಕಿದ್ದೆ. ಹಸಿರು ಬೂಸರಕ್ಕ ನಾನ ಕರದು ಊಟಾ ಬಡಿಸೀನಿ."

ಐದನೆಯ ಸಲ ಎಲ್ಲದಕ್ಕೂ ಹೊಕ್ಕಿನ ನೂಲನ್ನೇ ಹಾಕಿದರು. ಅದಕ್ಕೆ ಹತ್ತನೆಯ ದಿನ ನಡೆಯುವಾಗ ಪಂಚಮಿ ಮುಗಿಯಿತು. ಮರುದಿನ ಬೆಳಿಗ್ಗೆ ಗರಸು ತುಂಬಿದ ಟ್ರ್ಯಾಕ್ಟರ್ ಬಾಗಿಲಿಗೆ ಬಂತು. ಚಂದ್ರವ್ವ ಹೋಟೆಲಿಗೆ ಹೋಗಲಿಲ್ಲ. ಕುಣಿಯ ಅಂಚಿಗೆ ಕೂತು, ಅಚ್ಚುಗಳ ನಡುವೆ ಕಾಲು ಇಳಿಬಿಟ್ಟರು.

"ಸುರಸ್ರಿ ಭಾವಾರ. ಮೊದಲು ನನ್ನ ತೊಡಿ ಮ್ಯಾಲ ಬೀಳಲಿ."

"ಪಂಚಮಿತನಕ ಅಂತ ಮಾತು ಕೊಟ್ಟಾಕಿ ನೀನ."

"ಕೊಟ್ಟಿದ್ದೆ. ಈಗ ಮುರಿತೀನಿ. ಇನ್ನೊಂದು ದಿನ ಬೇಕು. ಮಗ್ಗದ ಮ್ಯಾಲಿನ ಸೀರಿ ಮುಗಿಯೂಕಿಂತ ಮೊದಲ ನೇಯಾಕಿನ್ನ ಎಬ್ಬಿಸಿದ್ದು ಈ ಮನ್ಯಾಗ ಎಂದರ ಐತೇನ್ರಿ?"

ಕುಬೇರಪ್ಪನವರೂ ಅದೇ ಕುಣಿಯಲ್ಲಿ ನೇಯಲು ಕಲಿತವರು. ಅವರು ಗರಸನ್ನು ಅಂಗಳದಲ್ಲೇ ಸುರಿಯಲು ಹೇಳಿದರು. ಟ್ರ್ಯಾಕ್ಟರಿನ ಸದ್ದು ಓಣಿ ದಾಟುವವರೆಗೂ ಚಂದ್ರವ್ವ ಏಳಲಿಲ್ಲ.

ಅಚ್ಚು ಬಿಚ್ಚಿ, ಪೆಟ್ಟಿಗೆಗಳನ್ನು ಮಾಳಿಗೆಯ ಮೇಲೆ ಒಣಗಿಸಿದ್ದಾಯಿತು. ನೀಲಪ್ಪನವರು ಒಂದರಲ್ಲಿ ಎರಡು ಬಾಟಲಿ ಇಟ್ಟುಕೊಂಡು ಬಸ್ಸಿನಲ್ಲಿ ಮುಂಡರಗಿಗೆ ಹೋದರು. ಸಂಜೆ ಫೋನ್ ಬಂತು. "ಎರಡೂ ಗಟ್ಟಿ ಅದಾವವ್ವ. ಇನ್ನೂ ಐವತ್ತು ಬೇಕು."

ಕುಬೇರಪ್ಪ ಕುಣಿ ಮುಚ್ಚುವ ಮಾತು ಬಿಟ್ಟು, ಆ ವಾರವೇ ಗರಸನ್ನು ಅಂಗಳದಲ್ಲಿ ಹರಡಿ ಸಮ ಮಾಡಿಸಿದರು. ಪೆಟ್ಟಿಗೆಗಳನ್ನು ಬೂಸರ ಎನ್ನುವುದನ್ನು ಮಾತ್ರ ಅವರು ಇವತ್ತಿಗೂ ಬಿಟ್ಟಿಲ್ಲ.

ಚಂದ್ರವ್ವ ಈಗ ಹೋಟೆಲಿಗೆ ಪಾತ್ರೆ ತೊಳೆಯಲು ಹೋಗುವುದಿಲ್ಲ, ಚರಟ ತರಲು ಹೋಗುತ್ತಾರೆ. ಮನೆಯ ಮುಂದಿನ ಕೋಣೆಯ ಕುಣಿಯಲ್ಲಿ ಜೇನು ಬಾಟಲಿಯ ಪೆಟ್ಟಿಗೆಗಳನ್ನು ಬೆಳೆಸುತ್ತಾರೆ.