ಊರು ಬಿಡಗೊಡದ ಬೆಕ್ಕು

ನಮ್ಮ ಮನೆಯ ಬೂದು ಬೆಕ್ಕಿಗೆ ಒಂದೇ ಚಿಂತೆ: ಇವರೆಲ್ಲ ತನ್ನನ್ನು ಬಿಟ್ಟು ಎಲ್ಲಿಗಾದರೂ ಹೋಗಿಬಿಟ್ಟಾರು. ಅದರ ತಪ್ಪೇನೂ ಇಲ್ಲ. ಹಿಂದಿನ ವರ್ಷ ಟಿಕೋಟಾದಲ್ಲಿ ಅತ್ತೆಯ ಮಗಳ ಮದುವೆಗೆಂದು ಮನೆಗೆ ಕೀಲಿ ಹಾಕಿಕೊಂಡು ಎಲ್ಲರೂ ಹೋಗಿದ್ದೆವು. ತಿರುಗಿ ಬಬಲೇಶ್ವರಕ್ಕೆ ಬಂದಾಗ ಅದು ಕಟ್ಟೆಯ ಮೇಲೆ ಬಾಗಿಲಿಗೆ ಮುಖ ಮಾಡಿ ಕುಳಿತಿತ್ತು, ಎಲುಬು ಕಾಣುವ ಹಾಗೆ ಸೊರಗಿ. ಅಂದಿನಿಂದ ಅವ್ವ ಬುತ್ತಿಗೆಂದು ಎಳ್ಳು ಹಚ್ಚಿದ ರೊಟ್ಟಿ ಬಡಿಯತೊಡಗಿದರೆ ಸಾಕು, ಬೆಕ್ಕು ಅವಳ ಸೆರಗು ಬಿಡುತ್ತಿರಲಿಲ್ಲ. ನಿತ್ಯದ ರೊಟ್ಟಿಗೂ ಪ್ರಯಾಣದ ರೊಟ್ಟಿಗೂ ಇರುವ ಫರಕು ಅಪ್ಪನಿಗಿಂತ ಅದಕ್ಕೇ ಚೆನ್ನಾಗಿ ಗೊತ್ತಿತ್ತು.

ಆಗ ನಾನು ವಿಜಾಪುರದ ಬೋರ್ಡಿಂಗಿನಲ್ಲಿದ್ದು ಮ್ಯಾಟ್ರಿಕ್ ಓದುತ್ತಿದ್ದೆ. ನಮ್ಮ ಮನೆತನದಲ್ಲಿ ಅದುವರೆಗೆ ಎಲ್ಲರದೂ ಹೆಬ್ಬೆಟ್ಟು. ಸಹಿ ಮಾಡಿದವನು ನಾನೇ ಮೊದಲು, ಮುಂದೆ ಬಿ.ಎ. ಆದವನೂ ನಾನೇ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ದುಡಿದು ಓದಿದ್ದೇನೆ. ಓದುವ ರಜೆಗೆ ಊರಿಗೆ ಬಂದವನು ಜ್ವರ ಹಿಡಿದು ಮಲಗಿದೆ. ಏಳುವಷ್ಟರಲ್ಲಿ ಪರೀಕ್ಷೆ ಮರುದಿನಕ್ಕೆ ಬಂದು ನಿಂತಿತ್ತು. ಸಂಜೆ ಶಾಲೆಯ ಕಚೇರಿ ಮುಚ್ಚುವುದರೊಳಗೆ ಹಾಲ್ ಟಿಕೆಟ್ ತೆಗೆದುಕೊಳ್ಳಬೇಕು. ಇಲ್ಲದಿದ್ದರೆ ಒಂದು ವರ್ಷವೇ ಹೋದಂತೆ. ಮಗ ಪರೀಕ್ಷೆಗೆ ಕೂಡುವುದನ್ನು ಕಣ್ಣಾರೆ ನೋಡಬೇಕೆಂದು ಅಪ್ಪ, ಅವ್ವ, ಅಪ್ಪನ ತಾಯಿಯಾದ ಆಯಿ, ಎಲ್ಲರೂ ಹೊರಟರು. ಬೆಕ್ಕನ್ನು ನೋಡಿಕೊಳ್ಳಲು ನೆರೆಮನೆಯಾಕೆಗೆ ಹೇಳಿದ್ದಾಯಿತು.

ನಸುಕಿನಲ್ಲಿ ಎತ್ತು ಹೂಡಿದೆವು. ಗಾಡಿ ಊರಬಾಗಿಲಾದ ಅಗಸಿ ದಾಟಬೇಕು, ಅಷ್ಟರಲ್ಲಿ ಬೆಕ್ಕು ಹಿಂದಿನಿಂದ ಓಡಿ ಬಂದು ಎತ್ತುಗಳ ಮುಂದೆಯೇ ಅಡ್ಡ ಹಾಯಿತು.

ಅಪ್ಪ ಹಗ್ಗ ಜಗ್ಗಿದ. "ಬೆಕ್ಕ ಅಡ್ಡ ಬಂತು. ನಡೀರಿ ಮನಿಗೆ."

ಹಾಗೆ ಅಡ್ಡ ಬಂದರೆ ತಿರುಗಿ ಮನೆಗೆ ಹೋಗಿ, ಕಾಲು ತೊಳೆದು, ತುಸು ಕುಳಿತು, ನೀರು ಕುಡಿದು ಹೊಸದಾಗಿ ಹೊರಡುವುದು ನಮ್ಮಲ್ಲಿ ಪದ್ಧತಿ. ಕುಳಿತೆವು. ನಾವು ಅಪಶಕುನ ಕಳೆಯಲು ಕುಳಿತರೆ ಬೆಕ್ಕು ತನ್ನ ಮಂದಿ ತನಗಾಗಿಯೇ ತಿರುಗಿ ಬಂದರೆಂದು ಒಬ್ಬೊಬ್ಬರ ತೊಡೆಗೂ ಮೈ ತಿಕ್ಕಿ ಗುರುಗುಟ್ಟಿತು.

ಮತ್ತೆ ಹೊರಟೆವು. ಮತ್ತೆ ಅಡ್ಡ. ಅದಕ್ಕೆ ಒಂದೇ ಸಲಕ್ಕೆ ಪಾಠ ಹತ್ತಿತ್ತು. ನನಗೆ ಬೀಜಗಣಿತ ಹಾಗೆ ಹತ್ತಿರಲಿಲ್ಲ. ಈ ಸಲ ಬೆಕ್ಕಿನ ಮೇಲೆ ಬುಟ್ಟಿ ಬೋರಲು ಹಾಕಿ ಕಲ್ಲು ಹೇರಿ ಹೊರಟೆವು. ಅಗಸಿಯ ಹತ್ತಿರ ನೋಡಿದರೆ ಮತ್ತೆ ಅದೇ ಬಾಲ!

ತಿರುಗಿ ಬಂದರೆ ಅಂಗಳದಲ್ಲಿ ನೆರೆಮನೆಯಾಕೆ ನಿಂತಿದ್ದಳು. "ಏನ ಬೇ ಯಕ್ಕಾ, ವಿಜಾಪುರಕ್ಕ ಭಾಳ ಲಗೂ ಹೋಗಿ ಬಂದ್ರಲ್ಲ!"

"ಬುಟ್ಟಿ ತಗದಾಕಿ ನೀನ, ಮತ್ತ ನಗಾಕತ್ತಿ!" ಎಂದಳು ಅವ್ವ.

"ಒಳಗ ಅಳಾಕತ್ತಿತ್ತು, ಕರಳ ಚುರ್ರ್ ಅಂತು. ನಿನ್ನ ಮಗಾ ಒಂದ ವರ್ಷ ತಡಾ ಶಾಣ್ಯಾ ಆದ್ರ ಏನಾಕ್ಕೈತಿ?"

ನನಗೆ ಅಳುವೇ ಬಂತು. "ಯಪ್ಪಾ, ಟಿಕೀಟ ಸಿಗೂದಿಲ್ಲ! ಬೆಕ್ಕ ಬಂದ್ರ ಬರ್ಲಿ, ಹೊಡಿ ಗಾಡಿ!"

"ಬಾಯಿ ಮುಚ್ಚಲೇ. ಕಾಲ ತೊಳಕೊ."

ಬಾಗಿಲಲ್ಲಿ ನಿಂತ ಆಯಿ ಕೋಲು ಕುಟ್ಟಿದಳು. "ಗಾಡ್ಯಾಗ ಕುಂತ ಬೆಕ್ಕ ಗಾಡಿಗೆ ಹೆಂಗ ಅಡ್ಡ ಬರತೈತಿ? ಎತ್ತಿ ಒಳಗ ಹಾಕ್ರಿ ಅದನ್ನ!"

ಹಾಕಿದೆವು. ಅದು ಬುತ್ತಿಯ ಗಂಟಿನ ಮೇಲೆ ಸುತ್ತಿ ಮಲಗಿತು, ದಾರಿಯುದ್ದಕ್ಕೂ ಕಣ್ಣು ತೆರೆಯಲಿಲ್ಲ. ಬಿಸಿಲು ಇಳಿಯತೊಡಗಿದಾಗ ಬಯಲಿನ ಆಚೆ ಗೋಳಗುಮ್ಮಟ ಕಂಡಿತು. ಕಂಡೇ ಇತ್ತು, ಹತ್ತಿರ ಬರಲೊಲ್ಲದು.

ಶಾಲೆ ಮುಟ್ಟಿದಾಗ ಕಾರಕೂನರು ಕಚೇರಿಗೆ ಕೀಲಿ ಹಾಕಿ, ಕೊಡೆ ಬಗಲಿಗೆ ಸಿಕ್ಕಿಸುತ್ತಿದ್ದರು. ನಾನು ಗಾಡಿಯಿಂದ ಜಿಗಿದು ಓಡಿದೆ.

"ಮುಗೀತಪಾ, ನಾಳೆ ಬಾ."

"ನಾಳೆ ಪರೀಕ್ಷಾ ಐತ್ರಿ ಸಾಹೇಬ್ರ!"

"ಅದನ್ನ ನಿನ್ನೆ ನೆನಸಬೇಕಿತ್ತು," ಎಂದು ಅವರು ಮೆಟ್ಟಿಲಿಳಿಯಲು ಕಾಲೆತ್ತಿದರು.

ನಾನು ಜಿಗಿದದ್ದನ್ನು ಕಂಡ ಬೆಕ್ಕಿಗೆ ಮತ್ತೆ ಅದೇ ಭಯ: ಬಿಟ್ಟು ಹೊರಟ! ಗಾಡಿಯಿಂದ ಹಾರಿ ನನ್ನ ಬೆನ್ನು ಹತ್ತಿ ಬಂದದ್ದು, ಕಾರಕೂನರ ಎತ್ತಿದ ಕಾಲಿನ ಮುಂದಿನಿಂದಲೇ ಹಾದು ನನ್ನ ಧೋತರಕ್ಕೆ ಜೋತುಬಿತ್ತು.

ಕಾಲು ಗಾಳಿಯಲ್ಲೇ ನಿಂತಿತು. ಅವರು ಬೆಕ್ಕನ್ನು ನೋಡಿದರು, ನನ್ನನ್ನು ನೋಡಿದರು. ತಿರುಗಿ ಕೀಲಿ ತೆಗೆದು ಒಳಗೆ ಹೋಗಿ, ಕುರ್ಚಿಯಲ್ಲಿ ಕುಳಿತು, ಗಡಿಗೆಯ ನೀರು ಕುಡಿದರು. ನಾನು ಮೇಜಿನ ಮುಂದೆ ಕೈ ಕಟ್ಟಿ ನಿಂತೆ.

"ಹೆಂಗೂ ಕುಂತೇನಿ," ಎಂದು ಡ್ರಾವರ್ ಎಳೆದರು. "ನಂಬರ ಹೇಳು."

ಪರೀಕ್ಷೆ ಮುಗಿಸಿ ಊರಿಗೆ ಹೊರಟ ದಿನ ಬೆಕ್ಕು ಎಲ್ಲರಿಗಿಂತ ಮೊದಲು ಗಾಡಿ ಹತ್ತಿ, ಸರಿಯಾಗಿ ನನ್ನ ಜಾಗದಲ್ಲಿ ಕಾಲು ಚಾಚಿ ಮಲಗಿತ್ತು. ಎಬ್ಬಿಸಲು ಕೈ ಚಾಚಿದೆ.

"ಮುಟ್ಟಬ್ಯಾಡ ಲೇ!" ಎಂದಳು ಆಯಿ.

ಮ್ಯಾಟ್ರಿಕ್ ಬರೆದವನು ಗಾಡಿಯ ಹಿಂದೆ ನಡೆದೆ.