ಉಗುರು ಇಳಿಯುವ ಮೇಣ

ಮೇಣದ ಉಂಡೆಯ ಮೇಲೆ ಹೆಬ್ಬೆರಳಿನ ಉಗುರಿನ ಗುರುತು ಹಾಗೆಯೇ ಇತ್ತು. ಎಳೆಯ ಚಂದ್ರನ ಆಕಾರ. ಅಂಚು ಎಲ್ಲಿಯೂ ಒಡೆದಿರಲಿಲ್ಲ.

ಕಳೆದ ಶನಿವಾರ ಬೆಳಿಗ್ಗೆ ಕಾಲೇಜಿಗೆ ಹೊರಡುವ ಅವಸರದಲ್ಲಿ ಸೀರೆಗೆ ಪಿನ್ನು ಹುಡುಕುತ್ತಿದ್ದೆ. ಹಳೆಯ ಕಂಪಾಸು ಪೆಟ್ಟಿಗೆ ತೆರೆದರೆ, ಮೊಂಡಾದ ಪೆನ್ಸಿಲುಗಳ ನಡುವೆ ಅದು ಕುಳಿತಿತ್ತು. ಅಡಿಕೆಯಷ್ಟು ದೊಡ್ಡದು. ಮೂಸಿದೆ. ಮೊದಲು ಜೇನು, ಅದರ ಹಿಂದೆ ಸ್ವಲ್ಪ ತಡವಾಗಿ ರಾಳ. ಐದು ವರ್ಷ ಮುಚ್ಚಿದ ಪೆಟ್ಟಿಗೆಯಲ್ಲಿದ್ದರೂ ಎರಡೂ ವಾಸನೆ ತಮ್ಮ ಸರದಿ ತಪ್ಪಿಸಿರಲಿಲ್ಲ. ಆ ದಿನ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳಿಗೆ ತೂಕ ಮಾಡುವುದನ್ನು ಕಲಿಸುವಾಗ ನಾನೇ ಎರಡು ಸಲ ತಪ್ಪು ತೂಗಿದೆ. ಬಾಗಲಕೋಟೆಯ ಈ ಕಾಲೇಜಿಗೆ ಬಂದ ಮೇಲೆ ಅದೇ ಮೊದಲು.

ಆ ಉಗುರು ಇಳಕಲ್ಲಿನ ಕಾಳಪ್ಪಜ್ಜನದು. ನಮ್ಮ ಮನೆಯ ಗೋಡೆಗೆ ಅವರ ಮನೆಯ ಗೋಡೆ ಅಂಟಿಕೊಂಡಿದೆ. ಅಜ್ಜ ಪತ್ತಾರಿಕೆ ಮಾಡುತ್ತಿದ್ದವರು. ನಮ್ಮ ಓಣಿಯ ಹೆಣ್ಣುಮಕ್ಕಳ ಮೂಗುತಿಯೆಲ್ಲ ಅವರ ಕೈಯಿಂದಲೇ ಬಂದದ್ದು. ಕಣ್ಣಿಗೆ ಪೊರೆ ಬಂದು ಬಂಗಾರದ ಕೆಲಸ ಮಗನಿಗೆ ಹೋಯಿತು. ಆದರೆ ಕೈ ಸುಮ್ಮನಿರಬೇಕಲ್ಲ. ಭಜನೆಯವರ ಪೇಟಿ, ಅಂದರೆ ಹಾರ್ಮೋನಿಯಂ, ಕೆಟ್ಟರೆ ಬಿಚ್ಚಿ, ಸ್ವರ ಕೂಡಿಸಿಕೊಡತೊಡಗಿದರು. ಪೇಟಿಯ ಕೆಲಸಕ್ಕೆ ಕಣ್ಣಿಗಿಂತ ಕಿವಿ ಹೆಚ್ಚು ಬೇಕು ಎಂಬುದು ಅವರ ವಾದ. ಅವರಿಗೆ ಉಳಿದಿದ್ದದ್ದೂ ಅದೇ ಆದ್ದರಿಂದ ವಾದ ಗಟ್ಟಿಯಾಗಿತ್ತು.

ಐದು ವರ್ಷದ ಹಿಂದಿನ ಆ ಬೇಸಗೆಯಲ್ಲಿ ನಾನು ಓದುತ್ತಿದ್ದ ಧಾರವಾಡದಿಂದ ರಜೆಗೆ ಬಂದಿದ್ದೆ. ಆಗ ನಮ್ಮದಿನ್ನೂ ಮುಂಬೈ ರಾಜ್ಯ. ಅದೇ ವಾರ ನನ್ನ ಸೋದರಮಾವ ಹುಬ್ಬಳ್ಳಿಯಿಂದ ತನ್ನ ಅಕಾರ್ಡಿಯನ್ ತಂದ. ದೊಡ್ಡ ಯುದ್ಧದಲ್ಲಿ ಸಿಪಾಯಿಯಾಗಿ ಇಟಲಿಗೆ ಹೋಗಿದ್ದವನು ಅಲ್ಲಿಂದ ಹೊತ್ತುಕೊಂಡು ಬಂದ ವಾದ್ಯ ಅದು. ಕೊರಳಿಗೆ ತೂಗುಹಾಕಿ, ಎದೆಗೆ ತಬ್ಬಿಕೊಂಡು ಎರಡೂ ಕೈಯಿಂದ ಎಳೆದು ಒತ್ತಿ ನುಡಿಸಬೇಕು. ಅದರಲ್ಲಿ ಅರ್ಧ ಸ್ವರ ಮೂಕವಾಗಿದ್ದವು, ಉಳಿದರ್ಧ ಸೀಟಿ ಹೊಡೆಯುತ್ತಿದ್ದವು. ಕಾಳಪ್ಪಜ್ಜ ಮಡಿಕೆ ಮಡಿಕೆಯಾದ ತಿದಿಯ ಮೇಲೆ ಕೈಯಾಡಿಸಿ, ಇದು ಪೇಟಿಯೋ ಹಾವೋ ಎಂದು ಕೇಳಿದರು. ಆಮೇಲೆ ತಾವೇ ಅದಕ್ಕೆ ಕೊರಳಪೇಟಿ ಎಂದು ಹೆಸರಿಟ್ಟರು.

ಬಿಚ್ಚಿ ನೋಡಿದಾಗ ರೋಗ ತಿಳಿಯಿತು. ನಮ್ಮ ಪೇಟಿಯಲ್ಲಿ ಸ್ವರದ ನಾಲಗೆಗಳನ್ನು ಹಲಗೆಗೆ ಬಿಗಿದಿರುತ್ತಾರೆ. ಇದರಲ್ಲಿ ಹಾಗಲ್ಲ. ಬೆರಳಿನಷ್ಟು ತಗಡು, ಅದರ ಮೇಲೆ ಉಕ್ಕಿನ ನಾಲಗೆ. ಅಂಥ ತಗಡುಗಳನ್ನು ಕಟ್ಟಿಗೆಯ ತುಂಡುಗಳ ಮೇಲೆ ಸಾಲಾಗಿ ಕೂಡಿಸಿ, ಸುತ್ತಲೂ ಮೇಣ ಹೊಯ್ದಿದ್ದರು. ಬೇರೆ ಏನೂ ಹಿಡಿದಿಲ್ಲ, ಬರಿಯ ಮೇಣ. ಅದು ಜಾರಿ, ತಗಡುಗಳು ಸೊಟ್ಟಗೆ ನಿಂತಿದ್ದವು.

"ಆ ದೇಶದ ಮ್ಯಾಣ ಇದು, ತಂಗಿ," ಎಂದರು ಅಜ್ಜ. "ಇಳಕಲ್ಲ ಬಿಸಲ ಕಂಡಿದ್ದಿಲ್ಲ, ಪಾಪ."

ಹೀಗೆ ನಾನು ಅವರ ಕಣ್ಣಾದೆ. ಬೆಳಗಿನ ತಂಪಿನಲ್ಲಿ ಅವರ ಪಡಸಾಲೆಯಲ್ಲಿ ಕೂಡುತ್ತಿದ್ದೆವು. ಎದುರು ಮನೆಯ ಮಗ್ಗ ಲಟಕ್ ಪಟಕ್ ಎನ್ನುತ್ತಿತ್ತು. ನಾನು ಸಣ್ಣ ಚಾಕುವಿನ ತುದಿಯನ್ನು ಕೆಂಡಕ್ಕೆ ಹಿಡಿದು ಹಳೆಯ ಮೇಣ ಕೆರೆಯಬೇಕು. ಅಜ್ಜ ಅಗ್ಗಿಷ್ಟಿಕೆಯ ಮುಂದೆ ಕುಳಿತು, ಬಂಗಾರಕ್ಕೆ ಇಟ್ಟಿದ್ದ ಊದುಗೊಳವೆಯಿಂದಲೇ ಕೆಂಡ ಊದಿ, ತಾಮ್ರದ ಸೌಟಿನಲ್ಲಿ ಮೇಣ ಕರಗಿಸುವರು. ಆ ಸೌಟಿನ ಬಾಯನ್ನು ಬಡಿದು ಗಿಳಿಯ ಕೊಕ್ಕಿನ ಹಾಗೆ ಮಾಡಿಕೊಂಡಿದ್ದರು. ಜೇನುಮೇಣ ನಾಲ್ಕು ಪಾಲು, ರಾಳ ಒಂದು ಪಾಲು, ಮೇಲೆ ಎರಡು ಹನಿ ಅಗಸೆ ಎಣ್ಣೆ. ಬೇಸಗೆಯಾದ್ದರಿಂದ ರಾಳ ಚೂರು ಹೆಚ್ಚು. ಎಷ್ಟು ಹೆಚ್ಚು ಎಂದರೆ ಹೇಳಲಾರರು. ನಾನು ನೋಟುಬುಕ್ಕಿನಲ್ಲಿ ಉದ್ದೇಶ, ಸಲಕರಣೆ, ವಿಧಾನ ಎಂದು ಗೆರೆ ಹೊಡೆದು, ಆ ಒಂದು ಜಾಗವನ್ನು ಖಾಲಿ ಬಿಟ್ಟು ಅವರ ಮುಂದೆ ಕಾಯುತ್ತಿದ್ದೆ. ನೀವು ನಕ್ಕರೆ ತಪ್ಪಿಲ್ಲ.

ಅವರ ಅಳತೆ ಬೇರೆಯೇ ಇತ್ತು. ಕರಗಿದ ಮೇಣದ ಒಂದು ಹನಿಯನ್ನು ಕಲ್ಲಿನ ಮೇಲೆ ಬಿಟ್ಟು, ಆರಿದ ಮೇಲೆ ಹೆಬ್ಬೆರಳಿನ ಉಗುರು ಒತ್ತುವರು.

"ಉಗುರ ಇಳೀಬೇಕು, ಅಂಚ ಒಡೀಬಾರ್ದು. ಇಷ್ಟ ನೋಡು. ನಿಮ್ಮ ಧಾರವಾಡದಾಗ ಇದಕ್ಕ ಏನಂತಾರ?"

"ಏನೂ ಅನ್ನೂದಿಲ್ರಿ, ಅಜ್ಜಾರ."

"ಹಂಗಾದ್ರ ಇನ್ನೂ ಕಲಿಸಿಲ್ಲ ಅನ್ನು."

ಹೊಯ್ಯುವಾಗ ನಡುವೆ ನಿಲ್ಲಬಾರದು. ತಗಡಿನ ಅಂಚಿನುದ್ದಕ್ಕೂ ಒಂದೇ ಎಳೆಯಲ್ಲಿ ಹೋಗಬೇಕು. ನಿಂತರೆ ಅಲ್ಲಿ ಬೆಸುಗೆ ಬಿಟ್ಟು ಗಾಳಿ ಸೋರುತ್ತದೆ. ಮೇಣ ಹೆಚ್ಚು ಕಾದಿದ್ದರೆ ನಾಲಗೆಯ ಕೆಳಗೆ ಹರಿದು ಅದನ್ನು ಅಂಟಿಸಿಬಿಡುತ್ತದೆ, ಕಡಿಮೆ ಕಾದರೆ ಕಟ್ಟಿಗೆಯನ್ನು ಹಿಡಿಯುವುದಿಲ್ಲ. ಅಜ್ಜ ಎಡಗೈಯ ಕಿರುಬೆರಳನ್ನು ತಗಡಿಗೆ ತಾಗಿಸಿ ದಾರಿ ಹಿಡಿದು, ಬಲಗೈಯಲ್ಲಿ ಹೊಯ್ಯುತ್ತ ಹೋಗುವರು. ಆಗ ಇಬ್ಬರೂ ಉಸಿರು ಬಿಡುತ್ತಿರಲಿಲ್ಲ. ಮುಗಿದ ಮೇಲೆ ಅವರು ತೂತಿಗೆ ಬಾಯಿಟ್ಟು ಊದುವರು. ಸ್ವರ ಬರುವುದು. ಅವರು ನನ್ನ ಕಡೆ ಮುಖ ತಿರುಗಿಸುವರು. ನೋಡಲಿಕ್ಕಲ್ಲ, ನನಗೂ ಕೇಳಿಸಿತೇ ಎಂದು.

ಮನೆಯಲ್ಲಿ ಮಗ ಸೊಸೆಗೆ ಈ ಕೆಲಸ ಸೇರಿರಲಿಲ್ಲ. ಕಣ್ಣಿಲ್ಲದವರು ಕೆಂಡದ ಮುಂದೆ ಕೂಡುವುದು ಯಾಕೆ, ಇನ್ನು ಕೈಗೆ ವಿಶ್ರಾಂತಿ ಕೊಡಲಿ ಎಂದು ಮಗ ನಮ್ಮ ತಂದೆಯ ಮುಂದೆ ಹೇಳಿದ್ದ. ಅಜ್ಜನಿಗೂ ಅದು ಗೊತ್ತಿತ್ತು. ಕೊರಳಪೇಟಿ ಸರಿಯಾದರೆ ಯಾರೂ ಬಾಯಿ ತೆರೆಯುವುದಿಲ್ಲ ಎಂದು ಅವರು ಒಂದೇ ಒಂದು ಸಲ ನನಗೆ ಹೇಳಿದರು, ಕೆಂಡ ಊದುವುದನ್ನು ನಿಲ್ಲಿಸದೆ.

ಆರು ತುಂಡುಗಳಲ್ಲಿ ನಾಲ್ಕು ಮುಗಿಯುವಷ್ಟರಲ್ಲಿ ಮೇಣ ಮುಗಿಯಿತು. ಮೇಣ ಸಿಗುವುದು ಬದಾಮಿಯಲ್ಲಿ. ಅಲ್ಲಿಯ ಬಂಡೆಗಳಿಗೆ ಹೆಜ್ಜೇನು ಕಟ್ಟುತ್ತದೆ. ಜೇನು ಬಿಡಿಸುವವರು ಹೊಂಡದ ಮೆಟ್ಟಿಲ ಮೇಲೆ ಕೂತು ಮಾರುತ್ತಾರೆ. ನನ್ನ ಸೋದರತ್ತೆಯ ಮನೆ ಅಲ್ಲೇ. ಆ ವಾರ ಒಂದು ಕಾರ್ಯಕ್ಕೆ ಹೋಗುವುದಿತ್ತು, ನಾನೇ ತರುತ್ತೇನೆ ಎಂದೆ.

ಹೊಂಡದ ಬಳಿ ಹೋದೆ. ಮೇಣ ಮಾರುವ ಏಳೆಂಟು ಗಂಡಸರು ಸಾಲಾಗಿ ಕೂತು ಏನೋ ಹೇಳಿಕೊಂಡು ನಗುತ್ತಿದ್ದರು. ಅವರ ಮುಂದೆ ಹಾದುಹೋದೆ. ಮತ್ತೆ ತಿರುಗಿ ಹಾದು ಬಂದೆ. ಒಬ್ಬರು, "ಯಾರನ್ನ ಹುಡಕಾಕತ್ತೀಯವಾ?" ಎಂದು ಕೇಳಿದರು. ಕೇಳಿದ್ದು ಅಷ್ಟೇ, ಅದರಲ್ಲಿ ಕೀಟಲೆಯೂ ಇರಲಿಲ್ಲ. "ಯಾರನ್ನೂ ಇಲ್ರಿ," ಎಂದೆ. ಮೂರನೆಯ ಸಲ ಹೋದರೆ ಏನೆಂದುಕೊಂಡಾರು ಎಂದು ಮನೆಗೆ ಬಂದೆ. ಊರಿಗೆ ಮರಳಿದ ಮೇಲೆ ಅಂಗಡಿಯಲ್ಲಿ ಆರು ಮೇಣಬತ್ತಿ ಕೊಂಡೆ.

ಮೇಣ ಎಂದರೆ ಮೇಣ ಎಂದು ನಾನು ನಿಜವಾಗಿಯೂ ನಂಬಿದ್ದೆ. ಶಬ್ದ ಒಂದೇ ಇದೆಯಲ್ಲ. ಒಂದನ್ನು ಹುಳ ಮಾಡುತ್ತದೆ, ಇನ್ನೊಂದು ನೆಲದೊಳಗಿನ ಕಲ್ಲೆಣ್ಣೆಯಿಂದ ಬರುತ್ತದೆ ಎಂಬುದು ಪರೀಕ್ಷೆಯಲ್ಲಿ ಕೇಳಿದ್ದರೆ ಬರೆಯುತ್ತಿದ್ದೆ. ನಮ್ಮ ಹಿತ್ತಲಲ್ಲಿ ಕರಗಿಸಿ ರಾಳ ಬೆರೆಸಿದೆ. ಬೆಳ್ಳಗೆ ಕಂಡಿತು, ಒಂದು ಚಿಟಿಕೆ ಅರಿಷಿಣ ಹಾಕಿದೆ. ಆರಿಸಿ ಉಗುರು ಒತ್ತಿದೆ. ಉಗುರು ಇಳಿಯಿತು, ಅಂಚು ಪುಡಿ ಪುಡಿಯಾಯಿತು.

ಆಗಲೇ ಹೇಳಬಹುದಿತ್ತು. ಮರುದಿನ ಮಾವ ಹುಬ್ಬಳ್ಳಿಗೆ ಹೊರಡುವವನಿದ್ದ. ಬದಾಮಿಯಿಂದ ಮೇಣ ತಂದಿದ್ದೇನೆ ಎಂದು ಅಜ್ಜನಿಗೆ ಹೇಳಿಯೂ ಆಗಿತ್ತು. ಅವರು ಎಂದಿನಂತೆ ಕೈ ಚಾಚಿ ಹನಿ ಕೇಳಿದಾಗ, ಮೊದಲ ಮೇಣದಲ್ಲಿ ಸೌಟಿನ ತಳಕ್ಕೆ ಉಳಿದದ್ದನ್ನು ಕೆರೆದು ಮಾಡಿದ ಒಂದು ಉಂಡೆಯನ್ನು ಅವರ ಕೈಗಿಟ್ಟೆ. ಅವರು ಉಗುರು ಒತ್ತಿ, ಅಂಚನ್ನು ಬೆರಳಿನಿಂದ ಸವರಿ ನೋಡಿ, "ಶ್ಯಾಣ್ಯಾಕಿ," ಎಂದರು. ಉಂಡೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡೆ. ಸೌಟಿನಲ್ಲಿ ಕರಗಿದ್ದು ಮೇಣಬತ್ತಿಯದು, ಅಜ್ಜ ಕೊನೆಯ ಎರಡು ತುಂಡುಗಳಿಗೆ ಅದನ್ನೇ ಹೊಯ್ದರು.

ಒಂದು ತಿಂಗಳಲ್ಲಿ ಕೊನೆಯ ಎರಡು ತುಂಡುಗಳ ತಗಡುಗಳೆಲ್ಲ ಕಳಚಿ ತಿದಿಯೊಳಗೆ ಬಿದ್ದವು. ಮಾವ ಒಳ್ಳೆಯವನು, ಅಜ್ಜನಿಗೆ ತಿಳಿಸಬೇಡಿರೆಂದು ಕಾರ್ಡು ಬರೆದ. ಆದರೆ ಒಂದು ಗೋಡೆಯ ಮನೆಗಳಲ್ಲಿ ಕಾರ್ಡು ಎಷ್ಟು ದಿನ ಗುಟ್ಟಾಗಿದ್ದೀತು? ನಾನು ಅಷ್ಟರಲ್ಲಿ ಧಾರವಾಡ ಸೇರಿದ್ದೆ. ಅವ್ವ ಬರೆದಳು: ಕಾಳಪ್ಪಜ್ಜ, ಕೈ ಸೋತವು ಅಂದರಂತೆ, ಅಗ್ಗಿಷ್ಟಿಕೆಯನ್ನು ಅಟ್ಟಕ್ಕೆ ಹಾಕಿಸಿದರಂತೆ, ಭಜನೆಯವರ ಪೇಟಿಯನ್ನೂ ಮುಟ್ಟುವುದಿಲ್ಲವಂತೆ. ಆ ಪತ್ರಕ್ಕೆ ನಾನು ಉತ್ತರ ಬರೆದೆ. ಹಾಸ್ಟೆಲಿನ ಊಟದ ಬಗ್ಗೆ ಎರಡು ಪುಟ ಇತ್ತು.

ಮುಂದೆ ಬಂದಾಗ ಮಾವ ಅಕಾರ್ಡಿಯನ್ನನ್ನು ಮರಳಿ ತಂದು ನಮ್ಮ ಮನೆಯಲ್ಲೇ ಬಿಟ್ಟುಹೋದ. ಐದು ವರ್ಷದಿಂದ ಟ್ರಂಕಿನ ಮೇಲೆ ಹಳೆಯ ಸೀರೆ ಹೊದ್ದು ಕೂತಿದೆ. ರಜೆಗೆ ಹೋದಾಗಲೆಲ್ಲ ಅಜ್ಜನನ್ನು ಮಾತಾಡಿಸುತ್ತಿದ್ದೆ. ಆರೋಗ್ಯ ಕೇಳುವುದು, ಬಿಸಿಲಿನ ಮಾತು, ಅಷ್ಟೇ. ನನ್ನನ್ನು ಬಲ್ಲವರು ನಾನು ಮಿತಭಾಷಿ ಎನ್ನುತ್ತಾರೆ. ಅದನ್ನು ಗುಣವೆಂದೇ ತಿಳಿದು ಹೇಳುತ್ತಾರೆ.

ಉಂಡೆ ಸಿಕ್ಕ ಆ ಶನಿವಾರವೇ, ಮಧ್ಯಾಹ್ನ ಕಾಲೇಜು ಬಿಟ್ಟೊಡನೆ ಇಳಕಲ್ಲಿನ ಬಸ್ಸು ಹತ್ತಿದೆ. ಉಂಡೆ ಕರವಸ್ತ್ರದಲ್ಲಿತ್ತು. ಹುನಗುಂದ ದಾಟುವಾಗ ಅದು ಬಿಸಿಲಿಗೆ ಸ್ವಲ್ಪ ಮೆತ್ತಗಾಯಿತು. ಗುರುತು ಅಳಿಸೀತೆಂದು ಕಿಟಕಿಯಿಂದ ಈಚೆಗೆ ಸರಿದು ಕೂತೆ.

ಅಜ್ಜ ಕಟ್ಟೆಯ ಮೇಲಿದ್ದರು. ಈಗ ಅವರಿಗೆ ಬೆಳಕು ನೆರಳು ಮಾತ್ರ ತಿಳಿಯುತ್ತದೆ. ನನ್ನ ಹೆಜ್ಜೆ ಕೇಳಿ, ಬಾಗಲಕೋಟೆಯ ಬಸ್ಸು ಇವತ್ತು ಹೊತ್ತಿಗೆ ಸರಿಯಾಗಿ ಬಂತಲ್ಲ ಎಂದರು. ನಾನು ಉಂಡೆಯನ್ನು ಅವರ ಅಂಗೈಯಲ್ಲಿಟ್ಟೆ. ಅವರು ಅದನ್ನು ತಿರುಗಿಸಿ, ಗುರುತಿನೊಳಗೆ ತಮ್ಮ ಉಗುರನ್ನು ಇಟ್ಟು ನೋಡಿದರು. ಸರಿಯಾಗಿ ಕೂತಿತು.

"ಇದು ನನ್ನ ಉಗುರು," ಎಂದರು.

ಹೇಳಿದೆ. ಹೊಂಡ, ಗಂಡಸರ ನಗು, ಮೇಣಬತ್ತಿ, ಅರಿಷಿಣ, ಈ ಉಂಡೆ. ನಾನು ಒಮ್ಮೆಗೇ ಅಷ್ಟು ಮಾತಾಡಿದ್ದು ಅವರು ಎಂದೂ ಕೇಳಿರಲಿಕ್ಕಿಲ್ಲ. ಎದುರು ಮನೆಯ ಮಗ್ಗ ನಿಂತಿತು, ಮತ್ತೆ ಶುರುವಾಯಿತು.

"ಅರಿಷಿಣ ಯಾಕ ಹಾಕಿದಿ?"

"ಬಣ್ಣ ಬರ್ಲಿ ಅಂತ್ರಿ."

"ಯಾರಿಗೆ? ನನಗ ಕಾಣ್ತಿದ್ದಿಲ್ಲಲ್ಲ."

ಅವರು ಎಡಗೈಯಿಂದ ಬಲಗೈಯನ್ನು ಹಿಡಿದು, ಬೆರಳುಗಳನ್ನು ಒಂದೊಂದಾಗಿ ನೀವಿಕೊಂಡರು. ಕಿರುಬೆರಳಿನಿಂದ ಸುರುಮಾಡಿ ಹೆಬ್ಬೆರಳಿನವರೆಗೆ.

"ಐದ ವರ್ಷ ಈ ಕೈಗೆ ಬೈದೇನಿ, ತಂಗಿ. ಉಣ್ಣೂವಾಗ ಸೈತ ಬೈದೇನಿ."

ಅವರು ಹೋಗಲಿ ಬಿಡು ಎನ್ನಲಿಲ್ಲ. ಅನ್ನಬಹುದೆಂದು ಬಸ್ಸಿನಲ್ಲಿ ಬರುವಾಗ ನಾನು ಆಸೆಪಟ್ಟಿದ್ದೆ. ಅವರು ಒಳಗಿನ ಕಡೆ ಮುಖ ಮಾಡಿ, ಅಟ್ಟದ ಮೇಲಿನ ಅಗ್ಗಿಷ್ಟಿಕೆಯನ್ನು ಇಳಿಸಲು ಸೊಸೆಗೆ ಕೂಗಿ ಹೇಳಿದರು.

"ಈಗ್ಯಾಕ ಮಾವಾರ," ಎಂದಳು ಅವಳು ಒಳಗಿನಿಂದ. "ಅದರಾಗ ಇಲಿ ಸಂಸಾರ ಹೂಡ್ಯಾವು."

"ಬ್ಯಾರೆ ಮನಿ ನೋಡ್ಕೊಳ್ರಿ ಅಂತ ಹೇಳು."

ಆಮೇಲೆ ನನಗೆ: "ಬರೂ ಶನಿವಾರ ಬಾ. ಕೊರಳಪೇಟಿ ಬಿಚ್ಚೂಣು. ಮ್ಯಾಣ ನೀನ ತರಬೇಕು. ಹೊಯ್ಯೂದು ನಾ."

ಅಂದು ನಮ್ಮ ಮನೆಯಲ್ಲಿ ಮಲಗಿದ್ದಾಗ ಗೋಡೆಯ ಆಚೆ ಅಗ್ಗಿಷ್ಟಿಕೆಯ ಬೂದಿ ಕೊಡಹುವ ಸದ್ದು ಕೇಳಿಸಿತು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಬದಾಮಿಗೆ ಹೋದೆ. ಅತ್ತೆಯ ಮನೆಗೆ ಹೋಗದೆ ನೆಟ್ಟಗೆ ಹೊಂಡಕ್ಕೆ ನಡೆದೆ. ಮೆಟ್ಟಿಲ ಮೇಲೆ ನಾಲ್ಕೈದು ಜನ ಇದ್ದರು, ನಗುತ್ತಲೂ ಇದ್ದರು. ಅವರಲ್ಲಿ ಹಿರಿಯರಾಗಿ ಕಂಡವರ ಮುಂದೆ ನಿಂತು, "ಕಾಕಾರ, ಜೇನಮ್ಯಾಣ ಐತೇನ್ರಿ?" ಎಂದೆ. ದನಿ ನಾನೆಣಿಸಿದ್ದಕ್ಕಿಂತ ದೊಡ್ಡದಾಗಿ ಬಂದು, ಆಚೆ ಬಟ್ಟೆ ಒಗೆಯುತ್ತಿದ್ದ ಹೆಂಗಸರು ತಿರುಗಿ ನೋಡಿದರು. ಆ ಹಿರಿಯರು ಗೋಣಿಯೊಳಗಿನಿಂದ ತೆಂಗಿನಕಾಯಿಯಷ್ಟು ದೊಡ್ಡ ಮುದ್ದೆಯೊಂದನ್ನು ತೆಗೆದು, ಏತಕ್ಕೆ ಎಂದು ಕೇಳಿದರು. ಅಲ್ಲೇ ಮೆಟ್ಟಿಲ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಹೇಳಿ ಮುಗಿಸಿ, ಮುದ್ದೆಯನ್ನು ಮಡಿಲಲ್ಲಿಟ್ಟುಕೊಂಡು, ಹೆಬ್ಬೆರಳಿನ ಉಗುರನ್ನು ಒತ್ತಿ ನೋಡಿದೆ.